ಇಫ್, ಅಗರ್ ಮತ್ತು ಒಂದು ‘ರೆ’

ಇಂಗ್ಲಿಷ್ ತರಗತಿಯಲ್ಲಿ ‘ಇಫ್’ ವಾಕ್ಯಗಳ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕು ಬಗೆ ಬರೆದರು. ಯಾವಾಗಲೂ ನಿಜವಾಗಿರುವುದು ಸೊನ್ನೆಯ ಬಗೆ: ಐಸ್ ಬಿಸಿಲಿಗಿಟ್ಟರೆ ಕರಗುತ್ತದೆ. ಮುಂದೆ ಆಗಬಹುದಾದದ್ದು ಮೊದಲನೆಯದು: ಭದ್ರಾ ನಾಲೆಗೆ ನೀರು ಬಿಟ್ಟರೆ ಭತ್ತ ನಾಟಿ ಮಾಡುತ್ತೇವೆ. ಬರೀ ಕಲ್ಪನೆ ಎರಡನೆಯದು: ನನಗೆ ರೆಕ್ಕೆ ಇದ್ದರೆ ಬಸ್ಸಿಗೆ ಕಾಯುತ್ತಿರಲಿಲ್ಲ. ಕಳೆದುಹೋದದ್ದನ್ನು ಬೇರೆ ಥರ ನೆನೆಯುವುದು ಮೂರನೆಯದು. ಅದಕ್ಕೆ ಒಂದು ಕಡೆ ‘ಹ್ಯಾಡ್’, ಇನ್ನೊಂದು ಕಡೆ ‘ವುಡ್ ಹ್ಯಾವ್’.

ಕನ್ನಡದಲ್ಲಿ ಈ ಕೆಲಸವನ್ನೆಲ್ಲ ಕ್ರಿಯಾಪದದ ಕೊನೆಯ ‘ರೆ’ ಮಾಡುತ್ತದೆ: ಬಂದರೆ, ಬಂದಿದ್ದರೆ. ನಮ್ಮ ಮನೆಯ ಉರ್ದುವಿನಲ್ಲಿ ‘ಅಗರ್’ ಮತ್ತು ‘ತೊ’. ಅವಸರದಲ್ಲಿ ‘ಅಗರ್’ ಬಿಟ್ಟು ‘ತೊ’ ಒಂದರಲ್ಲೇ ಮುಗಿಸುತ್ತೇವೆ.

ಮೂರನೇ ಬಗೆಗೆ ಸ್ವಂತ ಉದಾಹರಣೆ ಬರೆಯಿರಿ ಎಂದರು ಮೇಷ್ಟ್ರು. ನಾನು ಯೋಚಿಸಲೇ ಇಲ್ಲ. ‘ಆ ಭಾನುವಾರವೇ ದಾದಾರನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದರೆ ಅವರು ಬದುಕುತ್ತಿದ್ದರು’ ಎಂದು ಇಂಗ್ಲಿಷಿನಲ್ಲಿ ಬರೆದೆ. ಎದೆ ಭಾರ ಎಂದು ಅವರು ಹೇಳಿದ್ದು ನನ್ನ ಹತ್ತಿರ ಮಾತ್ರ. ನಾಳೆ ಪರೀಕ್ಷೆ ಇದೆ, ಮುಗಿದ ಮೇಲೆ ಹೋಗೋಣ ಅಂದಿದ್ದೆ. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ.

ಮೇಷ್ಟ್ರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೆಂಪು ಪೆನ್ನಿನಿಂದ ‘ವುಡ್’ ಹೊಡೆದು ‘ಮೈಟ್’ ಬರೆದರು. “ವ್ಯಾಕರಣ ತಪ್ಪಿಲ್ಲ. ಆದರೆ ವಾಕ್ಯದ ಎರಡನೇ ಅರ್ಧ ನಿನಗೆ ಗೊತ್ತಿಲ್ಲ,” ಎಂದರು. ಕನ್ನಡದಲ್ಲಾದರೆ ‘ಬದುಕುತ್ತಿದ್ದರು’ ಅಲ್ಲ, ‘ಬದುಕುತ್ತಿದ್ದರೇನೋ’. ಒಂದು ‘ಏನೋ’ ಸೇರಿದ್ದಕ್ಕೆ ಎಷ್ಟೋ ತಿಂಗಳ ಮೇಲೆ ಉಸಿರು ಸಲೀಸಾಗಿ ಬಂತು.

ಸಂಜೆ ಅಮ್ಮಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಷ್ಟ ಬಂದ ಮೇಲೆ ‘ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು’ ಎನ್ನಬೇಡಿ, ಆ ‘ಲೌ’ ಶೈತಾನನಿಗೆ ಬಾಗಿಲು ತೆರೆಯುತ್ತದೆ ಎಂಬ ಹದೀಸ್ ನೆನಪಿಸಿದರು. ಅರಬ್ಬಿಯಲ್ಲಿ ಆಗದೇ ಹೋದದ್ದಕ್ಕೆ ‘ಲೌ’, ಆಗಬಹುದಾದದ್ದಕ್ಕೆ ‘ಇನ್’. ನಾವು ದಿನಾ ಹೇಳುವ ಇನ್‌ಶಾ ಅಲ್ಲಾಹ್‌ನಲ್ಲಿರುವುದು ಇದೇ ‘ಇನ್’: ಅಲ್ಲಾಹ್ ಇಚ್ಛಿಸಿದರೆ.

ಅದೇ ಹದೀಸಿನಲ್ಲಿ, ಒಳಿತಾಗುವುದನ್ನು ಬಿಡದೆ ಮಾಡಿ, ಕೈಚೆಲ್ಲಿ ಕೂರಬೇಡಿ ಎಂದೂ ಇದೆ. ಈಗ ದಾದಿ ಮಂಡಿನೋವು ಎಂದರೂ ನಾನು ಪರೀಕ್ಷೆ ಮುಗಿಯಲಿ ಎನ್ನುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಅವರನ್ನು ಕರೆದುಕೊಂಡು ಹೊರಡುತ್ತೇನೆ, ಇನ್‌ಶಾ ಅಲ್ಲಾಹ್. ಇದು ಮೊದಲನೇ ಬಗೆ.