ಘಟ್ಟ ಇಳಿದರೆ ತಣ್ಣೀರುಬಾವಿ

ಹಾಸನ ಜಿಲ್ಲೆಗೆ ಸಮುದ್ರವಿಲ್ಲ. ಹಾಗಂತ ಹಾಸನದವರಿಗೆ ಸಮುದ್ರವಿಲ್ಲ ಎನ್ನುವಂತಿಲ್ಲ. ಎರಡನೇ ಶನಿವಾರ ಬೆಳಕು ಹರಿಯುವ ಮೊದಲೇ ಸಕಲೇಶಪುರದ ಹೇಮಾವತಿ ಸೇತುವೆಯ ಬಳಿ ನಿಂತು ನೋಡಬೇಕು. ಅರಕಲಗೂಡಿನ ಟೆಂಪೊ, ಚನ್ನರಾಯಪಟ್ಟಣದ ಕಾರು, ಹೊಳೆನರಸೀಪುರದ ಯಾವುದೋ ಸಂಘದವರ ಬಸ್ಸು, ಎಲ್ಲವೂ ಪಶ್ಚಿಮಕ್ಕೇ ಮುಖ ಮಾಡಿರುತ್ತವೆ. ಮೊದಲು ಸುಬ್ರಹ್ಮಣ್ಯ, ಆಮೇಲೆ ಧರ್ಮಸ್ಥಳ, ಹೊತ್ತು ಮಿಕ್ಕಿದರೆ ಸಮುದ್ರ ಎಂಬುದು ಹಿರಿಯರ ಲೆಕ್ಕ. ಮಕ್ಕಳಿರುವ ಗಾಡಿಯಲ್ಲಿ ಈ ಲೆಕ್ಕ ಗುಂಡ್ಯ ಮುಟ್ಟುವಷ್ಟರಲ್ಲಿ ಉಲ್ಟಾ ಆಗಿರುತ್ತದೆ.

ನಮ್ಮ ಗಾಡಿಯಲ್ಲೂ ಅದೇ ಆಯಿತು. ಚನ್ನರಾಯಪಟ್ಟಣದ ಮಾವ, ಅರಕಲಗೂಡಿನ ದೊಡ್ಡಮ್ಮ, ಪುಳಿಯೋಗರೆ ಡಬ್ಬಿ, ಕೋಡುಬಳೆ, ಒಂದಷ್ಟು ಮಕ್ಕಳು. ಪಣಂಬೂರೋ ಉಳ್ಳಾಲವೋ ಎಂಬ ಚರ್ಚೆ ಜೋರಾದಾಗ ನಾನು ತಣ್ಣೀರುಬಾವಿ ಎಂದೆ. ಅಲ್ಲಿಗೆ ದೋಣಿಯಲ್ಲಿ ಹೋಗಬಹುದು ಎಂದದ್ದೇ ತಡ, ಮಕ್ಕಳ ಕಡೆಯಿಂದ ತೀರ್ಪು ಬಂತು.

ಸಕಲೇಶಪುರ ಬಿಟ್ಟ ಸ್ವಲ್ಪ ಹೊತ್ತಿಗೆ ದೋಣಿಗಲ್ ಬಳಿ ಬಲು ಎತ್ತರದಲ್ಲಿ ಮಂಜರಾಬಾದ್ ಕೋಟೆ. ಎಂಟು ಮೂಲೆಯ ನಕ್ಷತ್ರದಂತೆ, ಫ್ರೆಂಚರ ಮಾದರಿಯಲ್ಲಿ ಟಿಪ್ಪು 1792ರಲ್ಲಿ ಕಟ್ಟಿಸಿದ್ದು. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನ ಅರ್ಧ ರಾಜ್ಯ ಹೋಯಿತು. ಕೈಯಲ್ಲಿ ಉಳಿದದ್ದರಲ್ಲಿ ಮಂಗಳೂರಿನ ಕರಾವಳಿಯೂ ಒಂದು. ಅಲ್ಲಿಂದ ಹತ್ತಿ ಬರುವ ದಾರಿಯನ್ನು ಯಾರು ಹಿಡಿದಾರೋ ಎಂಬ ಆತಂಕಕ್ಕೆ ಈ ಗುಡ್ಡದ ಮೇಲೊಂದು ಕಾವಲು. ಕೋಟೆಯ ಉದ್ದೇಶ ಕೆಳಗಿನಿಂದ ಬರುವವರನ್ನು ತಡೆಯುವುದು. ಈಗ ನೋಡಿದರೆ ಕೆಳಗಿಳಿಯುವವರದ್ದೇ ಸಾಲು. ತಡೆಯುವ ಕೆಲಸವನ್ನು ಮಳೆಗಾಲದಲ್ಲಿ ಗುಡ್ಡವೇ ವಹಿಸಿಕೊಂಡಿದೆ. ದೋಣಿಗಲ್ ಬಳಿ ಮಣ್ಣು ಜಾರಿದರೆ ಸಾಕು, ಶಿರಾಡಿ ಘಾಟಿ ಬಂದ್. ಯಾವ ಫಿರಂಗಿಯೂ ಇಷ್ಟು ಲಾರಿಗಳನ್ನು ನಿಲ್ಲಿಸಿರಲಾರದು.

ಘಟ್ಟ ಇಳಿಯುವುದನ್ನು ವರ್ಣಿಸಲು ಹೋಗುವುದಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಿದ್ದರು, ಅಷ್ಟು ಸಾಕು.

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ, ಸುಲ್ತಾನ್ ಬತ್ತೇರಿ. "ಇಷ್ಟೇನಾ?" ಎಂದ ನಮ್ಮ ಹುಡುಗ. ಕೋಟೆ ಎಂದರೆ ಚಿತ್ರದುರ್ಗ ಎಂದುಕೊಂಡಿದ್ದವನಿಗೆ ಈ ಕಪ್ಪು ಕಲ್ಲಿನ ಕಾವಲು ಬುರುಜು ಸಪ್ಪೆ ಎನಿಸಿತು. ನನಗೆ ಹಾಗನಿಸಲಿಲ್ಲ. ಮೆಟ್ಟಿಲು ಹತ್ತಿ, ಫಿರಂಗಿಗಾಗಿ ಬಿಟ್ಟ ಗೋಡೆಯ ಕಂಡಿಯಲ್ಲಿ ಮುಖವಿಟ್ಟರೆ ನದಿಯೆಲ್ಲ ಕಣ್ಣಳತೆಯಲ್ಲಿ. ಕೆಳಗೆ ಮದ್ದಿನ ಉಗ್ರಾಣ. ಸಮುದ್ರದಿಂದ ನದಿಯೊಳಕ್ಕೆ ಯುದ್ಧದ ಹಡಗು ನುಗ್ಗಬಾರದು, ಅಷ್ಟೇ ಇದರ ಕೆಲಸ. ಈ ಭಯಕ್ಕೆ ಕಾರಣವೂ ಇತ್ತು. 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷರ ಹಡಗುಗಳು ಮಂಗಳೂರನ್ನು ಹಿಡಿದು, ಹೈದರಾಲಿಯ ನೌಕೆಗಳನ್ನೂ ವಶ ಮಾಡಿಕೊಂಡಿದ್ದವು. 1783ರಲ್ಲಿ ಊರು ಮತ್ತೆ ಇಂಗ್ಲಿಷರ ಪಾಲಾಯಿತು. ಆ ವರ್ಷದ ಮೇ ತಿಂಗಳಿಂದ ಮರುವರ್ಷದ ಜನವರಿಯವರೆಗೆ ಟಿಪ್ಪುವಿನ ಸೈನ್ಯ ಮಂಗಳೂರಿನ ಕೋಟೆಯನ್ನು ಮುತ್ತಿ ಕೂತಿತು. ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಗುಂಡಿಗಿಂತ ಹೆಚ್ಚಾಗಿ ಹಸಿವಿಗೂ ಕಾಯಿಲೆಗೂ ಸೋತಿತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗಿ ಎರಡನೇ ಮೈಸೂರು ಯುದ್ಧ ಮುಗಿಯಿತು. ಬತ್ತೇರಿ ಎದ್ದದ್ದು ಅದೇ ವರ್ಷ. ಗೆದ್ದ ಮೇಲೂ ನಿದ್ದೆ ಬಾರದ ದೊರೆ ಕಟ್ಟಿಸಿದ ಬುರುಜು ಇದು ಎಂದು ನನ್ನ ಎಣಿಕೆ. ಘಟ್ಟದ ಬುಡದಲ್ಲೊಂದು, ಎಂಟು ವರ್ಷದ ನಂತರ ನೆತ್ತಿಯಲ್ಲಿ ಇನ್ನೊಂದು.

ಬತ್ತೇರಿಯ ಪಕ್ಕದಲ್ಲೇ ದೋಣಿ. ಹತ್ತಿ ಕೂತು ದೊಡ್ಡಮ್ಮ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಆಚೆ ದಡ. ತಣ್ಣೀರುಬಾವಿ ಎಂದರೆ ಒಂದು ಕಡೆ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ಅದರ ಮೇಲೆ ಗಾಳಿಮರಗಳು, ಅರಣ್ಯ ಇಲಾಖೆಯ ಟ್ರೀ ಪಾರ್ಕು. ಅಲ್ಲಿನ ಯಕ್ಷಗಾನದ ಬೊಂಬೆಗಳ ಮುಂದೆ ಎಲ್ಲರ ಫೋಟೊ ಆಯಿತು. ಉತ್ತರಕ್ಕೆ ಪಣಂಬೂರಿನ ಬಂದರು. ಅದಕ್ಕಾಗಿ ಕಾಯುತ್ತಾ ದೂರದಲ್ಲಿ ನಿಂತ ಹಡಗುಗಳು. ಮಾವ ಸಮುದ್ರಕ್ಕಿಂತ ಮೊದಲು ಎಳನೀರಿನ ಗಾಡಿಯನ್ನು ನೋಡಿದರು. ರೇಟು ಕೇಳಿ, ಕಾಯಿ ತಿರುಗಿಸಿ ನೋಡಿ, "ನಮ್ಮ ಕಡೆ ಕಾಯಿಗೆ ಇದಕ್ಕಿಂತ ಮೈ ಇರುತ್ತೆ ಕಣಪ್ಪ" ಎಂದು ತೀರ್ಮಾನ ಕೊಟ್ಟು, ಎರಡು ಕುಡಿದರು.

2024ರ ಆರಂಭದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಇಲ್ಲಿಯೂ ಬೆಂಗ್ರೆ, ಸಸಿಹಿತ್ಲುಗಳ ಮರಳಿನಲ್ಲಿಯೂ ಮೊಟ್ಟೆಯಿಟ್ಟಿದ್ದವು. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬೇಲಿ ಕಟ್ಟಿ ಕಾದರು. ಆಮೆ ರಾತ್ರಿ ಮೇಲೆ ಬಂದು, ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೊರಟುಬಿಡುತ್ತದೆ. ಮರಿ ಬರಲು 45ರಿಂದ 60 ದಿನ. ಹೊರಬಂದ ಮರಿ ಬೆಳಕಿನ ಕಡೆ ಓಡುತ್ತದೆ. ಹಿಂದೆ ರಾತ್ರಿಯ ಬೆಳಕು ಎಂದರೆ ಸಮುದ್ರದ ಕಡೆಯದೇ ಆಗಿತ್ತು. ಈಗ ಬೀದಿದೀಪದ ಕಡೆಗೆ ಹೋಗಿ ದಾರಿ ತಪ್ಪಿಸಿಕೊಳ್ಳುವುದೂ ಉಂಟು. ಬದುಕಿದ ಹೆಣ್ಣು ದೊಡ್ಡದಾದ ಮೇಲೆ ತಾನು ಹುಟ್ಟಿದ ತೀರದ ಕಡೆಗೇ ಮೊಟ್ಟೆಯಿಡಲು ಮರಳುತ್ತದೆ.

ಇಷ್ಟನ್ನು ಮಕ್ಕಳಿಗೆ ಹೇಳುತ್ತಿದ್ದೆ. ದೊಡ್ಡಮ್ಮ ನಡುವೆ ಬಾಯಿ ಹಾಕಿದರು. "ಹೆರಿಗೆಗೆ ತವರಿಗೆ ಬರ್ತಾಳೆ ಅನ್ನು. ಸರಿ, ಮಕ್ಕಳ ಮುಖಾನೂ ನೋಡ್ದೆ ಹಂಗೇ ಹೊರಟುಬಿಡ್ತಾಳಾ?"

"ಹೌದು ದೊಡ್ಡಮ್ಮ."

"ಬಾಣಂತನ ಇಲ್ವಾ?"

"ಇಲ್ಲ."

"ಇದೆಂಥ ತವರೋ" ಎಂದು ಅವರು ಸಮುದ್ರದ ಮೇಲೇ ತಪ್ಪು ಹೊರಿಸಿ, ಕಾಲು ನೆನೆಸಲು ಹೋದರು.

ವಾಪಸು ದೋಣಿಯಲ್ಲಿ ದೋಣಿಯವನು ಯಾವೂರು ಎಂದು ಕೇಳಿದ. ಹಾಸನ ಎಂದೆವು. "ಓ, ಎತ್ತಿನಹೊಳೆಯವರು!" ಎಂದ. ಸಕಲೇಶಪುರದ ಪಶ್ಚಿಮದ ಇಳಿಜಾರಿನ ಮಳೆ ಕೆಂಪುಹೊಳೆಯಾಗಿ, ಕುಮಾರಧಾರೆ ಸೇರಿ, ನೇತ್ರಾವತಿಯಾಗಿ ಇದೇ ಅಳಿವೆಗೆ ಬರುತ್ತದೆ. ಗುರುಪುರ ನದಿಗೂ ಅದೇ ಬಾಗಿಲು. ಆ ಮೇಲಿನ ಹಳ್ಳಗಳ ನೀರನ್ನು ಎತ್ತಿ ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಶುರುವಾಗಿದೆ. "ನೀವು ಮೇಲೆಯೇ ಎತ್ತಿಕೊಂಡರೆ ನೇತ್ರಾವತಿಗೆ ಎಂತ ಉಂಟು ಮಾರಾಯ್ರೇ?" ಎಂದ ದೋಣಿಯವನು.

ಮಾವ ಕೆರಳಿದರು. "ನಮ್ಮ ಚನ್ನರಾಯಪಟ್ಟಣಕ್ಕೆ ಒಂದು ಹನಿ ಬಂದಿದ್ರೆ ಹೇಳಪ್ಪ. ಅದು ನಮ್ಮ ಜಿಲ್ಲೆ ದಾಟಿ ಕೋಲಾರಕ್ಕೆ ಹೋಗೋ ನೀರು. ನಾವು ಬರೀ ಪೈಪು ನೋಡೋರು."

ದೋಣಿಯವನು ಸ್ವಲ್ಪ ಯೋಚಿಸಿದ. "ಹಾಗಾದರೆ ನೀವೂ ನಮ್ಮ ಹಾಗೆಯೇ" ಎಂದ. ದುಡ್ಡಿನಲ್ಲಿ ಮಾತ್ರ ಒಂದು ರೂಪಾಯಿಯೂ ಬಿಡಲಿಲ್ಲ.