ಕಲಾಯಿ ಹಾಕಿದ ಗಾಲಿ

ಗಾಲಿಯೊಡನೆ ನನ್ನ ಸ್ನೇಹ ಅಕ್ಷರಾಭ್ಯಾಸಕ್ಕಿಂತಲೂ ಹಳೆಯದು. ಸೈಕಲ್ಲಿನ ಹಳೆಯ ಟೈರೊಂದನ್ನು ಕೋಲಿನಿಂದ ಹೊಡೆದುಕೊಂಡು ಊರಿನ ಓಣಿಗಳನ್ನೆಲ್ಲ ಸುತ್ತಿದವನು ನಾನು. ಬೇಸಗೆಯಲ್ಲಿ ಲಾರಿಯ ಟ್ಯೂಬನ್ನು ತಬ್ಬಿಕೊಂಡು ಬಾವಿಯಲ್ಲಿ ಈಜು ಕಲಿತದ್ದೂ ಉಂಟು. ನಮ್ಮಜ್ಜ ತೀರಿಕೊಳ್ಳುವವರೆಗೆ ಟೈರಿನ ಚಪ್ಪಲಿಯನ್ನೇ ಮೆಟ್ಟಿದರು. ಆ ಜೋಡು ಸವೆದದ್ದನ್ನು ಕಂಡವರಿಲ್ಲ. ಹೀಗೆ ಸತ್ತ ಟೈರಿನ ಸದುಪಯೋಗಗಳೆಲ್ಲ ನನಗೆ ಗೊತ್ತಿದ್ದವು. ಬದುಕಿರುವ ಟೈರಿನ ಯೋಗಕ್ಷೇಮವನ್ನು ವಿಚಾರಿಸಬೇಕಾದ ಪ್ರಸಂಗ ಮಾತ್ರ ವಯಸ್ಸು ಮೂವತ್ತು ದಾಟಿದ ಮೇಲೆಯೇ ಬಂದಿತು.

ನಮ್ಮೂರು ಮಕ್ತಲಕ್ಕೂ ಕೃಷ್ಣಾ ನದಿಗೂ ನಡುವಣ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪಂಕ್ಚರ್ ಅಂಗಡಿಯಲ್ಲಿ ಉರ್ದು – ಇದು ನಮ್ಮ ಸೀಮೆಯ ಭಾಷಾನೀತಿ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳು ಹೊಸದಾಗಿ ಎಳೆಯಲ್ಪಟ್ಟಾಗ, ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲವು ಮಹಬೂಬನಗರಕ್ಕೆ ಸೇರಿತು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗೆರೆ ಬದಲಾದರೂ ಲಾರಿಗಳ ದಾರಿ ಬದಲಾಗಲಿಲ್ಲ. ಈಗಲೂ ನಮ್ಮ ಕಡೆಯವರು ಟೈರು ಬೇಕಾದರೆ ಹೊಳೆ ದಾಟಿ ರಾಯಚೂರಿಗೇ ಹೋಗುತ್ತಾರೆ.

ನಾನು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಮಾಸ್ತರ. ನನ್ನ ಅಣ್ಣ ಒಂದು ಹಳೆಯ ಟಿಪ್ಪರ್ ಲಾರಿಯ ಮಾಲೀಕ, ಚಾಲಕ, ಒಮ್ಮೊಮ್ಮೆ ಕ್ಲೀನರ್ ಕೂಡ. ಕ್ವಾರಿಯಿಂದ ಕಲ್ಲು, ಕ್ರಷರಿನಿಂದ ಕಂಕರು ತುಂಬಿಕೊಂಡು ಮಕ್ತಲ, ನಾರಾಯಣಪೇಟೆ, ಗದ್ವಾಲಗಳ ನಡುವೆ ಅವನ ಸಂಚಾರ. ಒಂದು ಸಂಜೆ ಅವನು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು, “ತಮ್ಮಾ, ನೀ ನಾಕ ಅಕ್ಷರ ಓದಿದಾಂವ. ರಿಮೋಲ್ಡ್ ಟೈರ್ ತಗೊಂಡ್ರ ಛಲೋನೋ ಬ್ಯಾಡೋ, ನೀನೇ ಹೇಳು” ಎಂದನು.

ಮಾಸ್ತರನಿಗೆ ಎಲ್ಲವೂ ತಿಳಿದಿರಬೇಕೆಂಬುದು ಹಳ್ಳಿಯ ನಂಬಿಕೆ. ಸಾಮಾನ್ಯವಾಗಿ ನಾನು ಆ ನಂಬಿಕೆಯನ್ನು ಕೆಡಿಸುವುದಿಲ್ಲ. ಆದರೆ ಈ ಸಲ ಅಂದಾಜಿನ ಉತ್ತರ ಕೊಡಲು ನಾಲಗೆ ಏಳಲಿಲ್ಲ. ಅದಕ್ಕೆ ಎರಡು ವರ್ಷದ ಹಿಂದಿನ ಒಂದು ಘಟನೆ ಕಾರಣ.

ಆಗಲೂ ಹೊಸ ಟೈರಿಗೆ ಹಣವಿರಲಿಲ್ಲ. ಯಾವುದೋ ಊರಿನ ಯಾವುದೋ ಅಂಗಡಿಯಿಂದ ಅಣ್ಣ ಎರಡು ಸಿದ್ಧ ರಿಮೋಲ್ಡ್ ಟೈರು ತಂದಿದ್ದ. ಹೊಸದರ ಬೆಲೆಯಲ್ಲಿ ಅರ್ಧವೂ ಇಲ್ಲ. ನೋಡಲು ಹೊಸದಕ್ಕಿಂತಲೂ ಚೆಲುವು! ಮೈಯೆಲ್ಲ ಕರಿಯ ಹೊಳಪು. ಕೆಸರು, ಕಲ್ಲುಗಳಲ್ಲಿ ಕಚ್ಚಿ ಹಿಡಿಯಲೆಂದು ಮಾಡಿದ ದಪ್ಪ ದಪ್ಪ ಹಲ್ಲುಗಳು. ಅವನ್ನು ಹಿಂದಿನ ಗಾಲಿಗಳಿಗೆ ಹಾಕಿದ ದಿನ ಅಣ್ಣ ತೆಂಗಿನಕಾಯಿ ಒಡೆದ. ಒಂದು ತಿಂಗಳು ಕಳೆಯಿತು. ಏಪ್ರಿಲಿನ ಒಂದು ಮಧ್ಯಾಹ್ನ ಕಂಕರು ತುಂಬಿಕೊಂಡು ನಾರಾಯಣಪೇಟೆಯ ಕಡೆಗೆ ಹೋಗುತ್ತಿರುವಾಗ ಹಿಂಗಾಲಿಯೊಂದರ ಮೇಲ್ಪದರವು ಬಾಳೆಯ ಸಿಪ್ಪೆಯಂತೆ ಸುಲಿದು, ಮಡ್‌ಗಾರ್ಡನ್ನು ಕಿತ್ತು, ರಸ್ತೆಯ ಮೇಲೆ ಹಾರಿ ಬಿದ್ದಿತು. ಅಣ್ಣ ಹೇಗೋ ಲಾರಿಯನ್ನು ನಿಲ್ಲಿಸಿದ. ಇಳಿದು ನೋಡಿದರೆ, ರಬ್ಬರಿನ ಆ ಭಾರವಾದ ಪಟ್ಟಿ ಬಿದ್ದಿದ್ದ ಜಾಗಕ್ಕೆ ನಾಲ್ಕು ಮಾರು ದೂರದಲ್ಲಿ ಒಬ್ಬ ಹುಡುಗ ಸೈಕಲ್ ಹಿಡಿದು ಬೆರಗಾಗಿ ನಿಂತಿದ್ದ. ಅವನು ಹಿಂದಿನ ವರ್ಷ ನನ್ನ ಬಳಿ ಐದನೆಯ ತರಗತಿ ಮುಗಿಸಿದ್ದ ಹುಡುಗ.

ಆ ರಾತ್ರಿ ಅಣ್ಣ ಊಟ ಮಾಡಲಿಲ್ಲ. ಅತ್ತಿಗೆ ಅಂದಿನಿಂದ, ಲಾರಿಯ ಸದ್ದು ಓಣಿಯ ತಿರುವಿನಲ್ಲಿ ಕೇಳುವವರೆಗೆ ತಟ್ಟೆಯ ಮುಂದೆ ಕುಳಿತುಕೊಳ್ಳುವುದಿಲ್ಲ. ಆದ್ದರಿಂದ ಅಣ್ಣನ ಪ್ರಶ್ನೆ ಬರಿಯ ವ್ಯಾಪಾರದ ಪ್ರಶ್ನೆಯಾಗಿರಲಿಲ್ಲ. ನಾನು ಪುಸ್ತಕಗಳನ್ನು ಹುಡುಕಿದೆ; ಹುಡುಕಿ ಸಾಲದೆ ರಾಯಚೂರಿನ ಒಂದು ರೀಟ್ರೆಡ್ ಕಾರ್ಖಾನೆಯಲ್ಲಿ ಅರ್ಧ ದಿನ ನಿಂತು ನೋಡಿದೆ.

ಕಚ್ಚಾ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಕಟ್ಟಿಗೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು 1839ರಲ್ಲಿ ಗಂಧಕ ಬೆರೆಸಿದ ರಬ್ಬರನ್ನು ಕಾಯಿಸಿದಾಗ ಅದು ಗಟ್ಟಿಯೂ ಬಳುಕುವಂಥದೂ ಆಗುವುದನ್ನು ಕಂಡನು. ಆ ಪಾಕದ ಬಲದಿಂದಲೇ ಜಗತ್ತಿನ ಗಾಲಿಗಳೆಲ್ಲ ಇಂದು ಉರುಳುತ್ತಿವೆ. ಹಳೆಯ ಟೈರಿಗೆ ಹೊಸ ಮೈ ಕೊಡುವುದೂ ಅದೇ ಪಾಕ. ಸವೆದ ಟೈರನ್ನು ಮೊದಲು ಪರೀಕ್ಷಿಸುತ್ತಾರೆ. ಆಮೇಲೆ ಉಳಿದ ಹಲ್ಲುಗಳನ್ನು ಯಂತ್ರದಿಂದ ಉಜ್ಜಿ ಮೈಯನ್ನು ಒರಟು ಮಾಡುತ್ತಾರೆ. ಗಾಯಗಳಿದ್ದರೆ ಕೆತ್ತಿ ತುಂಬುತ್ತಾರೆ. ರಬ್ಬರಿನ ಅಂಟು ಬಳಿದು, ಹಸಿಯ ರಬ್ಬರು ಸುತ್ತಿ, ಅಚ್ಚಿನಲ್ಲಿಟ್ಟು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುವುದು ಒಂದು ವಿಧಾನ. ಮೊದಲೇ ಬೆಂದು ಹಲ್ಲು ಮೂಡಿದ ಪಟ್ಟಿಯನ್ನು, ನಡುವೆ ಮೆತ್ತನೆಯ ರಬ್ಬರಿನ ತೆಳುಪದರವಿಟ್ಟು, ಒತ್ತಡದ ಪೆಟ್ಟಿಗೆಯಲ್ಲಿ ಅದಕ್ಕಿಂತ ಕಡಿಮೆ ಶಾಖದಲ್ಲಿ ಅಂಟಿಸುವುದು ಇನ್ನೊಂದು. ಇದಕ್ಕೆ ಕೋಲ್ಡ್ ರೀಟ್ರೆಡ್ ಎಂದು ಹೆಸರು. ಹೆಸರು ‘ಕೋಲ್ಡ್’ ಆದರೂ ಅಲ್ಲಿಯೂ ಸುಮಾರು 100 ಡಿಗ್ರಿಯ ಶಾಖವುಂಟು. ಮೇಲ್ಪದರಕ್ಕಷ್ಟೇ ಅಲ್ಲದೆ ಪಕ್ಕೆಗಳಿಗೂ ಹೊಸ ರಬ್ಬರು ಹೊದಿಸಿ ಅಚ್ಚಿನಲ್ಲಿ ಬೇಯಿಸಿದರೆ ಅದು ರಿಮೋಲ್ಡ್.

ಇದನ್ನೆಲ್ಲ ನೋಡುವಾಗ ನನಗೆ ನೆನಪಾದವರು ಕಲಾಯಿಯವರು. ನಾನು ಚಿಕ್ಕವನಾಗಿದ್ದಾಗ ಅವರು ವರ್ಷಕ್ಕೊಮ್ಮೆ ಬೇವಿನ ಮರದ ಕೆಳಗೆ ತಿದಿಯೂದಿ, ಅವ್ವನ ತಾಮ್ರದ ಹಂಡೆ, ಹಿತ್ತಾಳೆಯ ಪಾತ್ರೆಗಳಿಗೆ ನವಸಾಗರ ಉಜ್ಜಿ ತವರದ ಬೆಳ್ಳಿಹೊಳಪು ತರುತ್ತಿದ್ದರು. ಪಾತ್ರೆ ಗಟ್ಟಿಯಿದ್ದರೆ ಕಲಾಯಿ ಅದಕ್ಕೆ ಆಯುಷ್ಯ. ತೂತಾದ ಪಾತ್ರೆಗೆ ಕಲಾಯಿ ಬರಿಯ ಅಲಂಕಾರ.

ಹಳೆಯ ಟೈರಿಗೆ ಹೊಸ ಮೈ ಎಂದೊಡನೆ ಮೂಗು ಮುರಿಯಬೇಕಾಗಿಲ್ಲ. 1942ರಲ್ಲಿ ಜಪಾನೀಯರು ಮಲಯವನ್ನು ಹಿಡಿದು ರಬ್ಬರಿನ ಸರಬರಾಜು ನಿಂತಾಗ ಶ್ರೀಮಂತ ದೇಶಗಳು ಹಳೆಯ ಟೈರುಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಇಂದಿಗೂ ವಿಮಾನಗಳ ಟೈರುಗಳಿಗೆ ಹಲವು ಸಲ ಹೊಸ ಮೇಲ್ಪದರ ಹಾಕುತ್ತಾರೆ. ನಾವು ಕುಳಿತು ಬರುವ ಸರಕಾರಿ ಬಸ್ಸುಗಳ ಹಿಂಗಾಲಿಗಳಲ್ಲಿಯೂ ರೀಟ್ರೆಡ್ ಟೈರುಗಳಿರುತ್ತವೆ. ಟೈರಿನ ಬೆಲೆಯಲ್ಲಿಯೂ ತೂಕದಲ್ಲಿಯೂ ಹೆಚ್ಚಿನ ಪಾಲು ಒಳಗಿನ ಕವಚದ್ದು. ಸವೆಯುವುದು ಮೇಲಿನ ಪಾಲು ಮಾತ್ರ. ಅಂಗಿ ಹರಿಯಿತೆಂದು ಮನುಷ್ಯನನ್ನೇ ಬಿಸಾಡಬಹುದೇ?

ಹಾಗಾದರೆ ಅಣ್ಣನ ಟೈರು ಸುಲಿದದ್ದೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಮಕ್ತಲದ ಒಬ್ಬ ಮುದಿ ಪಂಕ್ಚರ್ ಚಾಚಾನಲ್ಲಿ. ನಾನು ಅಂಗಡಿಯ ಮುಂದಿದ್ದ ಒಂದು ಟೈರಿನ ಹೊಳಪನ್ನು ಬೆರಳಿನಿಂದ ಸವರಿ ನೋಡುತ್ತಿದ್ದೆ. ಅವನು ನಕ್ಕು, “ಮಾಸ್ತರ್ ಸಾಬ್, ಮ್ಯಾಲ ನೋಡಬ್ಯಾಡ್ರಿ, ಒಳಗ ಕೈ ಹಾಕ್ರಿ” ಎಂದನು. ನಾನು ಕೈ ಹಾಕಿದೆ. ಒಳಮೈಯಲ್ಲಿ ಒಂದೆಡೆ ನೂಲು ಹರಿದು ಬೆರಳಿಗೆ ಚುಚ್ಚಿತು. ಆಮೇಲೆ ಅವನು ಸಣ್ಣ ಸುತ್ತಿಗೆಯಿಂದ ಟೈರನ್ನು ಸುತ್ತಲೂ ತಟ್ಟಿದ. ಒಂದೆಡೆ ‘ಠಣ್’ ಎಂದದ್ದು ಇನ್ನೊಂದೆಡೆ ‘ಡಬ್’ ಎಂದಿತು. ಪದರಗಳು ಅಲ್ಲಿ ಬಿಟ್ಟುಕೊಂಡಿದ್ದವು. ಕೊನೆಗೆ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ತೋರಿಸಿದ: ಮೊದಲ ಎರಡು ಟೈರು ತಯಾರಾದ ವಾರ, ಕೊನೆಯ ಎರಡು ವರ್ಷ. ಪಕ್ಕೆಗೂ ರಬ್ಬರು ಹೊದಿಸಿದ ರಿಮೋಲ್ಡಿನಲ್ಲಿ ಹಳೆಯ ಜಾತಕವೇ ಮುಚ್ಚಿಹೋಗಿರಬಹುದು. ಯಾರ ಲಾರಿಯಲ್ಲಿ ಎಷ್ಟು ಭಾರ ಹೊತ್ತಿತ್ತೋ, ಗಾಳಿಯಿಲ್ಲದೆ ಎಷ್ಟು ದೂರ ಎಳೆಯಲ್ಪಟ್ಟಿತ್ತೋ, ಹೇಳುವವರಾರು?

ಚಾಚಾ ಇನ್ನೊಂದು ಮಾತು ಹೇಳಿದ. ದಪ್ಪ ಹಲ್ಲಿನ ಟೈರು ಹುಟ್ಟಿದ್ದು ಕ್ವಾರಿಗೆ, ಕೆಸರಿಗೆ, ನಿಧಾನದ ಓಟಕ್ಕೆ. ಅಲ್ಲಿ ಟೈರಿನ ಶತ್ರು ಚೂಪುಗಲ್ಲು. ಹೊಸ ಟೈರಾದರೂ ಕಲ್ಲಿಗೆ ಕರುಣೆಯಿಲ್ಲ. ಆದ್ದರಿಂದ ಅಲ್ಲಿ ಒಳ್ಳೆಯ ಕವಚದ ರೀಟ್ರೆಡ್ ಹಾಕುವುದೇ ಜಾಣತನ. ಆದರೆ ಅದೇ ಟೈರು ಡಾಂಬರು ರಸ್ತೆಗೆ ಬಂದು ವೇಗವಾಗಿ ಓಡಿದರೆ ಶತ್ರು ಬೇರೆ: ಶಾಖ. ರಬ್ಬರು ದಪ್ಪವಾದಷ್ಟೂ ಒಳಗೆ ಹುಟ್ಟಿದ ಶಾಖ ಹೊರಗೆ ಹೋಗುವುದು ತಡ. ಗಾಳಿ ಕಡಿಮೆ, ಹೊರೆ ಹೆಚ್ಚು, ನಮ್ಮ ಏಪ್ರಿಲಿನ ಬಿಸಿಲು – ಮೂರೂ ಕೂಡಿದರೆ ಹೊಸ ಟೈರೇ ಸೋಲುತ್ತದೆ. ದುರ್ಬಲ ಕವಚಕ್ಕೆ ಅಂಟಿಸಿದ ಪದರದ ಪಾಡೇನು? ಅಣ್ಣನ ಲಾರಿಯಲ್ಲಿ ಅಂದು ಮೂರೂ ಕೂಡಿದ್ದವು. ಅಂಗಡಿಯವನದು ಅರ್ಧ ತಪ್ಪಾದರೆ ನಮ್ಮದು ಇನ್ನರ್ಧ.

ಮರುದಿನ ಇದನ್ನೇ ಐದನೆಯ ತರಗತಿಗೆ ಲೆಕ್ಕವಾಗಿ ಕೊಟ್ಟೆ. ಅಂಕಿಗಳು ಹಲಗೆಯ ಅನುಕೂಲಕ್ಕಾಗಿ ನಾನೇ ಹಾಕಿದವು: ಹೊಸ ಟೈರಿಗೆ 18,000 ರೂಪಾಯಿ, ಓಟ 60,000 ಕಿಲೋಮೀಟರು. ರೀಟ್ರೆಡಿಗೆ 6,000 ರೂಪಾಯಿ, ಓಟ 40,000 ಕಿಲೋಮೀಟರು. ಯಾವುದು ಅಗ್ಗ? ಮಕ್ಕಳು ಬೇಗನೆ ಉತ್ತರ ತಂದರು: ಹೊಸದಕ್ಕೆ ಕಿಲೋಮೀಟರಿಗೆ 30 ಪೈಸೆ, ರೀಟ್ರೆಡಿಗೆ 15 ಪೈಸೆ. “ಆ ರೀಟ್ರೆಡ್ 4,000 ಕಿಲೋಮೀಟರಿಗೇ ಸುಲಿದುಹೋದರೆ?” ಎಂದೆ. ಸ್ವಲ್ಪ ಹೊತ್ತಿನ ಮೇಲೆ “ಒಂದೂವರೆ ರೂಪಾಯಿ, ಸಾರ್” ಎಂದರು. ಅಗ್ಗದ ವಸ್ತು ಹತ್ತು ಪಟ್ಟು ತುಟ್ಟಿಯಾಗುವ ಬಗೆಯನ್ನು ಇಷ್ಟು ಚೆನ್ನಾಗಿ ಕಲಿಸಿದೆನಲ್ಲ ಎಂದು ನಾನು ಹಿಗ್ಗುತ್ತಿರುವಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತಳು. “ಸಾರ್, ಸುಲಿದಾಗ ಹಿಂದ ಯಾರಾರ ಸೈಕಲ್ ಮ್ಯಾಲ ಬರ್ತಿದ್ರ, ಅದನ್ನ ಯಾವ ಲೆಕ್ಕದಾಗ ಹಾಕಬೇಕು?”

ಅವಳು ಆ ಸೈಕಲ್ ಹುಡುಗನ ತಂಗಿ. ನಾನು ಸುಣ್ಣದ ಕಡ್ಡಿಯನ್ನು ಕೆಳಗಿಟ್ಟೆ. ಆ ಲೆಕ್ಕಕ್ಕೆ ನನ್ನ ಹಲಗೆಯಲ್ಲಿ ಜಾಗವಿರಲಿಲ್ಲ.

ಅಂದಿನ ಸಂಜೆ ಅಣ್ಣನಿಗೆ ನನ್ನ ಉತ್ತರ ಹೇಳಿದೆ. ಮುಂದಿನ ಗಾಲಿಗಳಿಗೆ ರೀಟ್ರೆಡ್ ಕೂಡದು. ಚುಕ್ಕಾಣಿಯ ಗಾಲಿ ಕೈಕೊಟ್ಟರೆ ಲಾರಿ ಮಾತು ಕೇಳುವುದಿಲ್ಲ. ಅಮೆರಿಕದಲ್ಲಿ ಬಸ್ಸಿನ ಮುಂಗಾಲಿಗೆ ಅದನ್ನು ಹಾಕಕೂಡದೆಂದು ಕಾನೂನೇ ಉಂಟು. ಅಪರಿಚಿತ ಕವಚದ ಸಿದ್ಧ ರಿಮೋಲ್ಡ್ ಎಷ್ಟು ಅಗ್ಗವಾದರೂ ಬೇಡ. ನಮ್ಮದೇ ಟೈರು, ನಾವೇ ಓಡಿಸಿದ್ದು, ನೂಲು ಕಾಣುವ ಮುನ್ನವೇ ಬಿಚ್ಚಿ ಒಳ್ಳೆಯ ಕಾರ್ಖಾನೆಗೆ ಕೊಟ್ಟರೆ ಆ ರೀಟ್ರೆಡ್ ಹಿಂಗಾಲಿಗೆ ಧಾರಾಳವಾಗಿ ಹಾಕಬಹುದು. ನಮ್ಮ ದೇಶದ ನಿಯಮದಂತೆ ಲಾರಿಯ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದು; ಅಲ್ಲಿಯವರೆಗೆ ಕಾಯದೆ ಮೊದಲೇ ಬಿಚ್ಚಿದರೆ ಕವಚ ಉಳಿಯುತ್ತದೆ. ಎಲ್ಲಕ್ಕಿಂತ ಮೊದಲು ಗಾಳಿ ಸರಿಯಿರಬೇಕು, ಹೊರೆ ಮಿತಿಯಲ್ಲಿರಬೇಕು, ಕ್ವಾರಿಯಿಂದ ರಸ್ತೆಗೆ ಏರುವ ಮುನ್ನ ಜೋಡಿಗಾಲಿಗಳ ನಡುವೆ ಸಿಕ್ಕ ಕಲ್ಲನ್ನು ತೆಗೆಯಬೇಕು.

ಅಣ್ಣ ಎಲ್ಲವನ್ನೂ ಕೇಳಿ, “ಹೊರಿ ಮಿತಿಯೊಳಗ ಹಾಕಿದ್ರ ಬಾಡಿಗಿ ಯಾರು ಕೊಡ್ತಾರ ತಮ್ಮಾ?” ಎಂದನು. ನನ್ನ ಬಳಿ ಅದಕ್ಕೂ ಉತ್ತರವಿರಲಿಲ್ಲ. ಅತ್ತಿಗೆ ಒಳಗಿನಿಂದಲೇ, “ಒಂದ್ ಟ್ರಿಪ್ ಕಡಿಮಿ ಆದ್ರ ಒಂದ್ ರೊಟ್ಟಿ ಕಡಿಮಿ ತಿಂತೀವಿ” ಎಂದರು. ಅಣ್ಣ ಮತ್ತೆ ಮಾತಾಡಲಿಲ್ಲ.

ಮೋಟಾರ್ ಸೈಕಲ್ಲಿಗೆಂದು ನಾನು ಕೂಡಿಟ್ಟಿದ್ದ ಹಣ ಮುಂದಿನ ಎರಡು ಹೊಸ ಟೈರುಗಳಾಯಿತು. ನಾನು ಈಗಲೂ ಶಾಲೆಗೆ ಹಳೆಯ ಸೈಕಲ್ಲಿನಲ್ಲಿಯೇ ಹೋಗುತ್ತೇನೆ. ಮುಂದಿದ್ದ ಎರಡು ಟೈರುಗಳು ಹಿಂದಕ್ಕೆ ಹೋದವು. ಹಿಂದಿನ ನಾಲ್ಕನ್ನು ರಾಯಚೂರಿನ ಕಾರ್ಖಾನೆಗೆ ಒಯ್ದರೆ ಅವರು ಎರಡನ್ನು ಮಾತ್ರ ಒಪ್ಪಿಕೊಂಡರು, ಎರಡನ್ನು ತಿರಸ್ಕರಿಸಿದರು. ಅಣ್ಣನಿಗೆ ಕೋಪ ಬಂದಿತು; ನನಗೆ ಮಾತ್ರ ಆ ಕಾರ್ಖಾನೆಯ ಮೇಲೆ ನಂಬಿಕೆ ಹುಟ್ಟಿದ್ದು ಅದೇ ಗಳಿಗೆಯಲ್ಲಿ. ಬಂದ ಟೈರನ್ನೆಲ್ಲ ಒಪ್ಪಿಕೊಳ್ಳುವವನ ಹತ್ತಿರ ಟೈರು ಕೊಡಬಾರದು.

ನಮ್ಮಂಥ ಮಾಸ್ತರರಿಗೂ ಆಗಾಗ ಪುನಶ್ಚೇತನ ತರಬೇತಿ ಉಂಟು. ಐದು ದಿನ ಕುಳಿತು, ಹೊಸ ಶಬ್ದಗಳನ್ನು ಮೈಗೆ ಅಂಟಿಸಿಕೊಂಡು ಬರುತ್ತೇವೆ. ಮೇಲಿನ ಅಚ್ಚು ಹೊಸದಾಗಿಯೇ ಕಾಣುತ್ತದೆ. ಒಳಗಿನ ನೂಲು ಗಟ್ಟಿಯಿದೆಯೋ ಇಲ್ಲವೋ ಎಂದು ಸುತ್ತಿಗೆಯಿಂದ ತಟ್ಟಿ ನೋಡುವವರು ಯಾರೆಂದು ನಾನು ಯೋಚಿಸುತ್ತಿದ್ದುದುಂಟು. ಈಗ ಆ ಸಂಶಯವಿಲ್ಲ. ಹಿಂದಿನ ಸಾಲಿನ ಹುಡುಗಿ ತಟ್ಟಿಯಾಗಿದೆ.

ತಿರಸ್ಕೃತವಾದ ಎರಡು ಟೈರುಗಳನ್ನು ನಮ್ಮ ಶಾಲೆಯ ಅಂಗಳದಲ್ಲಿ ಅರ್ಧ ಹೂತು ನಿಲ್ಲಿಸಿದ್ದೇವೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಅವುಗಳ ಮೇಲೆ ಹತ್ತಿ ಜಿಗಿಯುತ್ತಾರೆ. ಅಣ್ಣನ ಲಾರಿ ಸಂಜೆ ಶಾಲೆಯ ಮುಂದೆ ಹಾದುಹೋಗುವಾಗ ಹಾರ್ನ್ ಮಾಡುತ್ತದೆ. ಅದು ಮಕ್ಕಳಿಗಾಗಿ ಎಂದು ಎಲ್ಲರೂ ತಿಳಿದಿದ್ದಾರೆ. ಮನೆಯಲ್ಲಿ ತಟ್ಟೆ ಹಾಕಬಹುದೆಂಬ ಸುದ್ದಿ ಅದು ಎಂಬುದು ನನಗೂ ಅತ್ತಿಗೆಗೂ ಮಾತ್ರ ಗೊತ್ತು.