ಮೇಣದ ಹೂವಿನ ಬಳ್ಳಿಗಳು

ಮಲ್ಲಿಗೆಯ ಗಿಡಕ್ಕೆ ನೀರನ್ನೂ ಬಿಸಿಲನ್ನೂ ಗೊಬ್ಬರವನ್ನೂ ಕೊಟ್ಟರೆ ಅದು ಕೊಟ್ಟುದಕ್ಕೆ ಹತ್ತು ಪಾಲು ಹಿಂದಿರುಗಿಸುವುದು. ಹೂ ಕಟ್ಟಿ ಮುಡಿದವರೆಲ್ಲರೂ ಇದನ್ನು ಬಲ್ಲರು. ಹೋಯಾ ಎಂಬ ಬಳ್ಳಿಯ ರೀತಿಯು ಹಾಗಲ್ಲ. ಹೆಚ್ಚು ನೀರೆರೆದರೆ ಅದು ಕೊಳೆಯುವುದು. ದೊಡ್ಡ ಕುಂಡಕ್ಕೆ ಬದಲಾಯಿಸಿದರೆ ಮುನಿದು ಹೂವಿನ ಮಾತನ್ನೇ ಮರೆಯುವುದು. ಮೊಗ್ಗು ಕಟ್ಟಿದ ಮೇಲೆ ಕುಂಡವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದರೆ ಮೊಗ್ಗುಗಳನ್ನೆಲ್ಲ ಉದುರಿಸಿ ಬಿಡುವುದು. ಇಂತಹ ಹಟಮಾರಿಯನ್ನು ಸಾಕುವುದೇಕೆಂದು ನಮ್ಮ ಮನೆಗೆ ಬಂದ ನೆಂಟರು ಕೇಳುವುದುಂಟು. ಕತ್ತಲಾಗುವವರೆಗೆ ಇದ್ದು ಹೋಗಿರೆಂದು ಹೇಳುವುದಲ್ಲದೆ ನಾವು ಬೇರೆ ಉತ್ತರವನ್ನು ಕೊಡುವುದಿಲ್ಲ.

ಇಂಗ್ಲಿಷರು ಇದಕ್ಕೆ ಮೇಣದ ಗಿಡವೆಂದು ಹೆಸರಿಟ್ಟರು. ಒಂದೊಂದು ಹೂವೂ ಮೇಣವನ್ನು ಕರಗಿಸಿ ಅಚ್ಚಿಗೆ ಹೊಯ್ದಂತೆ ದಪ್ಪನಾಗಿ, ಐದು ಮೂಲೆಯ ನಕ್ಷತ್ರದ ಮೇಲೆ ಇನ್ನೊಂದು ಚಿಕ್ಕ ನಕ್ಷತ್ರವನ್ನು ಕೂರಿಸಿದಂತೆ ಇರುವುದು. ಹೋಯಾ ಎಂಬ ಹೆಸರನ್ನು 1810ರಲ್ಲಿ ಕೊಟ್ಟವರು ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು. ಲಂಡನ್ನಿನ ಬಳಿಯ ಸಯನ್ ಹೌಸಿನಲ್ಲಿ ನಾರ್ತಂಬರ್ಲೆಂಡಿನ ಡ್ಯೂಕರ ತೋಟವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಹಾಯ್ ಎಂಬಾತನ ಗೌರವಾರ್ಥವಾಗಿ ಅದನ್ನಿಟ್ಟರು. ಒಡೆಯನ ಹೆಸರನ್ನು ಬಿಟ್ಟು ತೋಟಗಾರನ ಹೆಸರನ್ನಿಟ್ಟುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಹೆಸರು ಪರದೇಶದ್ದಾದರೂ ಕುಲವು ನಮಗೆ ಅಪರಿಚಿತವಲ್ಲ. ಹಾದಿಯ ಬದಿಯಲ್ಲಿ ಬೆಳೆಯುವ ಎಕ್ಕವೂ ಇದೂ ಒಂದೇ ಮನೆತನದವು. ಎಲೆಯನ್ನು ಮುರಿದರೆ ಎರಡರಲ್ಲಿಯೂ ಹಾಲು ಬರುವುದು. ಎರಡರಲ್ಲಿಯೂ ಪರಾಗವು ಪುಡಿಯಾಗಿರದೆ ಜೋಡಿ ಗಂಟುಗಳಾಗಿದ್ದು, ಹೂವಿಗೆ ಬಂದ ಕೀಟದ ಕಾಲಿಗೆ ಸಿಕ್ಕಿಕೊಂಡು ಹೋಗುವುದು. ಕಾಯಿ ಬಿರಿದಾಗ ರೇಷ್ಮೆಯಂತಹ ಕುಚ್ಚುಳ್ಳ ಬೀಜಗಳು ಗಾಳಿಯಲ್ಲಿ ತೇಲುವುವು. ಅಷ್ಟೇ ಅಲ್ಲ, ಪಶ್ಚಿಮ ಘಟ್ಟಗಳ ಕಾಡಿನಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುವ ಹೋಯಾಗಳೂ ಇವೆ. ಮದ್ರಾಸು ಪ್ರಾಂತದಲ್ಲಿ ವೈದ್ಯರಾಗಿದ್ದು ಸಸ್ಯಗಳನ್ನು ಶೋಧಿಸಿದ ರಾಬರ್ಟ್ ವೈಟ್ ಎಂಬವರ ಹೆಸರನ್ನು ಹೊತ್ತ ಹೋಯಾ ವೈಟಿಯೈ ಅವುಗಳಲ್ಲೊಂದು. ಕಿರಿದಾದ ಎಲೆಯ ತುದಿಯಲ್ಲಿ ಕಚ್ಚುಳ್ಳ ಹೋಯಾ ರೆಟ್ಯೂಸಾ ಇನ್ನೊಂದು. ಇವನ್ನು ಕಾಡಿನಿಂದ ಕಿತ್ತು ತರಬಾರದು. ಕಾಡಿನಲ್ಲಿದ್ದುದನ್ನು ಕಾಡಿನಲ್ಲಿ ನೋಡಿ ಬರುವುದೇ ಚೆಂದ.

ಮರದ ಮೇಲೆ ಬೆಳೆಯುವುದೆಂಬ ಈ ಒಂದು ಸಂಗತಿಯನ್ನು ನೆನಪಿಟ್ಟರೆ ಸಾಕುವ ವಿದ್ಯೆಯ ಅರ್ಧವು ಕೈವಶವಾದಂತೆಯೇ. ಕೊಂಬೆಯ ಸಂದಿಯಲ್ಲಿ ಮಣ್ಣೆಲ್ಲಿಯದು? ಅಲ್ಲಿ ಬೇರಿಗೆ ಗಾಳಿಯುಂಟು, ಮಳೆ ಬಂದಾಗ ನೀರುಂಟು, ಮಳೆ ನಿಂತೊಡನೆ ಒಣಗುವಿಕೆಯುಂಟು. ಆದುದರಿಂದ ತೋಟದ ಜೇಡಿಮಣ್ಣನ್ನು ಕುಂಡಕ್ಕೆ ತುಂಬಲೇ ಕೂಡದು. ನಾವು ತೆಂಗಿನ ಸಿಪ್ಪೆಯ ತುಂಡುಗಳು, ಇದ್ದಿಲು, ಒಡೆದ ಮಂಗಳೂರು ಹೆಂಚಿನ ಚೂರುಗಳು, ಒಂದು ಹಿಡಿ ಎಲೆಗೊಬ್ಬರ, ಇಷ್ಟನ್ನು ಬೆರೆಸಿ ಹಾಕುವೆವು. ಕುಂಡವು ಬೇರಿಗಿಂತ ಸ್ವಲ್ಪ ಮಾತ್ರ ದೊಡ್ಡದಾಗಿರತಕ್ಕದ್ದು. ನೀರನ್ನು ದಿನದ ಲೆಕ್ಕದಿಂದ ಎರೆಯದೆ ಎಲೆಯನ್ನು ಕೇಳಿ ಎರೆಯಬೇಕು: ದಪ್ಪ ಎಲೆಯೊಂದನ್ನು ಬೆರಳುಗಳಲ್ಲಿ ಮೆಲ್ಲನೆ ಬಗ್ಗಿಸಿದರೆ, ಬಾಯಾರಿದ ಗಿಡದ ಎಲೆ ಬಾಗುವುದು, ನೀರುಂಡ ಗಿಡದ್ದು ಸೆಟೆದು ನಿಲ್ಲುವುದು. ಬೆಳಿಗ್ಗೆಯ ಬಿಸಿಲು ಒಳ್ಳೆಯದು, ನಡುಹಗಲಿನದು ಎಲೆಯನ್ನು ಸುಡುವುದು. ಕೋಣೆಯ ಮಬ್ಬು ಮೂಲೆಯಲ್ಲಿ ಇದು ವರ್ಷಗಟ್ಟಲೆ ಬದುಕಿರಬಹುದು, ಆದರೆ ಹೂ ಬಿಡದು.

ಎಲೆಯಿಲ್ಲದ ಉದ್ದನೆಯ ಕುಡಿಗಳು ಚಾಟಿಯಂತೆ ಚಾಚಿಕೊಂಡಾಗ ಅಚ್ಚುಕಟ್ಟಿನ ಗೃಹಿಣಿಯರು ಕತ್ತರಿಯನ್ನು ತರುತ್ತಾರೆ. ದಯವಿಟ್ಟು ತರಬೇಡಿರಿ. ಬಳ್ಳಿಯು ಆಸರೆಯನ್ನು ಹುಡುಕುತ್ತಿರುವುದು. ಎಲೆಗಳು ತರುವಾಯ ಬರುವುವು. ಅದಕ್ಕಿಂತಲೂ ಮುಖ್ಯವಾದುದು, ಹೂ ಉದುರಿದ ಮೇಲೆ ಗೊಂಚಲಿನ ಮೋಟು ತೊಟ್ಟನ್ನು ಚಿವುಟಬಾರದು. ಹೆಚ್ಚಿನ ಜಾತಿಗಳು ಮರುವರ್ಷ ಅದೇ ತೊಟ್ಟಿನ ತುದಿಯಲ್ಲಿ ಮತ್ತೆ ಹೂ ಬಿಡುವುವು. ಹೋಯಾ ಬೆಲ್ಲಾ ಎಂಬುದು ಮಾತ್ರ ಈ ಕಟ್ಟಳೆಗೆ ಹೊರತು. ಅದು ತೊಟ್ಟನ್ನು ತಾನೇ ಉದುರಿಸಿ ಹೊಸದನ್ನು ಹುಟ್ಟಿಸುವುದು. ಥಾಮಸ್ ಲಾಬ್ ಎಂಬವರು ಬರ್ಮಾದ ಮೌಲ್ಮೇನಿನ ಕಡೆಯ ಬೆಟ್ಟದಿಂದ ಕಳುಹಿಸಿದ ಆ ಗಿಡಕ್ಕೆ 1848ರಲ್ಲಿ ಹುಕರ್ ಎಂಬವರು ಹೆಸರಿಟ್ಟರು. ಬೆಟ್ಟದ ಗಿಡವಾದುದರಿಂದ ಸೆಕೆಯನ್ನು ಸಹಿಸದು. ನಮ್ಮ ಕರಾವಳಿಯ ಜಗಲಿಯಲ್ಲಿ ಅದು ಬದುಕಿಲ್ಲವೆಂದು ಹೇಳಿ ಮುಂದುವರಿಯುವೆವು.

ಈಗ ಒಂದನ್ನೊಂದು ಹೋಲುವ ಜಾತಿಗಳ ವಿಷಯ. ಇದು ನಮಗೆ ಬರಿಯ ಕುತೂಹಲದ ಮಾತಾಗಿ ಉಳಿಯಲಿಲ್ಲ. ಈ ಬಳ್ಳಿಗಳನ್ನು ಮನೆಗೆ ತಂದವರು ನಮ್ಮ ಅಕ್ಕ. ನಮ್ಮಂತೆಯೇ ಅವರೂ ಈ ಶಾಲೆಯ ಹಳೆಯ ವಿದ್ಯಾರ್ಥಿನಿ. ಅವರ ಕಾಲದಲ್ಲಿ ಜಗಲಿಯಲ್ಲಿ ಒಂಬತ್ತು ಕುಂಡಗಳು ತೂಗುತ್ತಿದ್ದುವು. ಅವರು ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ, ನಮ್ಮ ಮೂವರಿಗೂ ಭೂಗೋಳವನ್ನು ಕಲಿಸಿದ ಉಪಾಧ್ಯಾಯಿನಿಯವರು ಒಂದು ಸಂಜೆ ಮನೆಗೆ ಬಂದಿದ್ದರು. ಅವರಿಗೆ ಎಂಬತ್ತು ದಾಟಿದೆ. ಕಣ್ಣು ಬಹುಮಟ್ಟಿಗೆ ಹೋಗಿದೆ. ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಕುಳಿತಿದ್ದವರು ಮಾತನ್ನು ನಿಲ್ಲಿಸಿ, “ಇದು ಯಾವುದಮ್ಮ, ಈ ಪರಿಮಳ? ನನಗೊಂದು ಬೇಕಲ್ಲ” ಎಂದರು. “ಮಳೆಗಾಲ ಕಳೆಯಲಿ ಟೀಚರ್, ನಾನೇ ತಂದು ಕೊಡುತ್ತೇನೆ” ಎಂದು ಅಕ್ಕ ಮಾತು ಕೊಟ್ಟರು. ಮಳೆಗಾಲ ಕಳೆದಾಗ ಅಕ್ಕ ಇರಲಿಲ್ಲ. ಮಸಿಯಲ್ಲಿ ಬರೆದು ಕುಂಡಗಳಿಗೆ ಕಟ್ಟಿದ್ದ ಹೆಸರಿನ ಚೀಟಿಗಳನ್ನು ಆ ಮಳೆಯೇ ತೊಳೆದಿತ್ತು.

ಒಂಬತ್ತರಲ್ಲಿ ಆರನ್ನು ಎಲೆಯ ಗಾತ್ರದಿಂದಲೇ ಬದಿಗಿಡಬಹುದಾಗಿತ್ತು. ಚಿಕ್ಕ ಎಲೆಯ ಮೂರು ಉಳಿದುವು. ಮೂರೂ ಇಳಿಬೀಳುವ ಬಳ್ಳಿಗಳು, ಮೂರೂ ಸಣ್ಣ ಹೂವಿನವು. ಮೂರರದೂ ಒಂದೊಂದು ಕುಡಿಯನ್ನು ಕೊಡಬಹುದಿತ್ತಲ್ಲವೇ ಎಂದು ವಾಚಕರು ಕೇಳಬಹುದು. ಕುಡಿಯು ಬೇರು ಬಿಟ್ಟು ಹೂ ಕೊಡುವುದಕ್ಕೆ ಎರಡು ಮೂರು ವರ್ಷಗಳು ಬೇಕಾದೀತು. ಎಂಬತ್ತು ದಾಟಿದವರಿಗೆ ಕಾಯಿರೆಂದು ಹೇಳುವುದು ಹೇಗೆ? ಅವರ ಕೋಣೆಗೆ ಕಿಟಕಿಯೂ ಒಂದೇ. ಬೆಳೆದ ಕುಂಡವನ್ನೇ ಕೊಡಬೇಕು, ಅದೂ ಅಕ್ಕ ಮಾತು ಕೊಟ್ಟ ಕುಂಡವನ್ನೇ ಕೊಡಬೇಕೆಂದು ನಿಶ್ಚಯಿಸಿದೆವು.

ಮೊದಲನೆಯದನ್ನು ಗುರುತಿಸುವುದು ಸುಲಭವಾಯಿತು. ಅದರ ಎಲೆ ಮೂರರಲ್ಲಿ ಉದ್ದವಾದುದು; ನರಗಳು ಸ್ಪಷ್ಟವಾಗಿ ಎದ್ದು ಕಾಣುವುವು; ಬಿಸಿಲು ತಾಗಿದ ಕಡೆ ಇಡೀ ಎಲೆ ಕೆಂಪಡರುವುದು. ಅದು ಫಿಲಿಪ್ಪೈನ್ ದ್ವೀಪಗಳ ಹೋಯಾ ಆಬ್ಸ್ಕ್ಯೂರಾ. ಉಳಿದೆರಡರದು ನಿಜವಾದ ತೊಡಕು. ಹೋಯಾ ಲಕುನೋಸಾ ಎಂಬುದು ಮಲಯ, ಜಾವಾ ಮೊದಲಾದ ಸೀಮೆಗಳದ್ದು. ಹೋಯಾ ಕ್ರೋನಿಯಾನಾ ಫಿಲಿಪ್ಪೈನಿನದು. 2009ರಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕವಾದ ಹೆಸರು ಬಂದಿತು. ಅದಕ್ಕೆ ಮೊದಲು ಗಿಡ ಮಾರುವವರು ಅದನ್ನು ಹೃದಯದಾಕಾರದ ಎಲೆಯ ಲಕುನೋಸಾ ಎಂದೇ ಮಾರುತ್ತಿದ್ದರು. ಈಗಲೂ ಹಾಗೆ ಮಾರುವವರುಂಟು. ಹೂವನ್ನು ನೋಡಿ ಬೇರ್ಪಡಿಸುವೆವೆಂದರೆ ಎರಡರದೂ ಬಿಳಿ, ಎರಡರದೂ ರೋಮವುಳ್ಳ ದಳ, ಎರಡೂ ಹಿಂದಕ್ಕೆ ಸುರುಳಿಯಾಗುವುವು. ಎಲೆಯನ್ನೇ ನಂಬಬೇಕು. ಲಕುನೋಸಾದ ಎಲೆಯ ತುದಿ ಚೂಪು. ನಡುನರದ ಉದ್ದಕ್ಕೂ ತಗ್ಗಾಗಿ, ಅಂಚುಗಳು ಮೇಲಕ್ಕೆದ್ದು, ಚಿಕ್ಕ ದೋಣಿಯಂತೆ ಕಾಣುವುದು. ಲ್ಯಾಟಿನಿನಲ್ಲಿ ಆ ಹೆಸರಿನ ಅರ್ಥವೂ ತಗ್ಗುಳ್ಳದ್ದು ಎಂದೇ. ಕ್ರೋನಿಯಾನಾದ ಎಲೆ ತೊಟ್ಟಿನ ಬಳಿ ಅಗಲವಾಗಿ ವೀಳ್ಯದೆಲೆಯ ಮರಿಯಂತಿರುವುದು. ಎಳೆಯ ಎಲೆಗಳು ಮೋಸಮಾಡುವುವು; ಬಲಿತ ಎಲೆಗಳನ್ನು ಹತ್ತಾರು ನೋಡಿ ತೀರ್ಮಾನಿಸಬೇಕು.

ಹೆಸರುಗಳು ತಿಳಿದುವು. ಆದರೆ ಆ ಸಂಜೆ ಅರಳಿದ್ದುದು ಯಾವುದೆಂಬುದನ್ನು ಹೆಸರು ಹೇಳೀತೆ? ಮೂರೂ ಸಂಜೆಯಲ್ಲಿಯೇ ಪರಿಮಳ ಬೀರುವುವು. ಹೂವಿಗಾಗಿ ಕಾದೆವು. ಆಬ್ಸ್ಕ್ಯೂರಾ ಮೊದಲು ಅರಳಿತು; ಎಳೆಗೆಂಪಿನ, ಚಿಕ್ಕ ಗುಂಡುಗಳಂತಹ ಹೂಗಳು. ತೊಟ್ಟನ್ನು ಕತ್ತರಿಸದೆ ಹೂಗಳನ್ನು ಮಾತ್ರ ಬಿಡಿಸಿ ಬಾಳೆಯೆಲೆಯಲ್ಲಿ ಮಡಚಿ ಕೊಂಡುಹೋದೆವು. “ಚೆನ್ನಾಗಿದೆ. ಆದರೆ ಇದಲ್ಲ” ಎಂದರು. ಮತ್ತೊಂದು ತಿಂಗಳಿಗೆ ಬಿಳಿಯ ಹೂವಿನವು ಎರಡೂ ಒಂದೇ ವಾರದಲ್ಲಿ ಅರಳಿದುವು. ಎರಡು ಪೊಟ್ಟಣಗಳನ್ನು ಮಾಡಿ, ಯಾವುದು ಯಾವುದೆಂದು ಹೇಳದೆ ಅವರ ಕೈಯಲ್ಲಿಟ್ಟೆವು. ನಕ್ಷೆಯ ಮೇಲೆ ನಾವು ತೋರಿಸಿದ ಊರನ್ನು ಪರೀಕ್ಷಿಸುತ್ತಿದ್ದ ಅದೇ ಗಾಂಭೀರ್ಯದಿಂದ ಅವರು ಒಂದನ್ನೂ ಇನ್ನೊಂದನ್ನೂ ಎರಡೆರಡು ಸಲ ಮೂಸಿ ನೋಡಿ, “ಇದೇ ಕಣಮ್ಮ. ಆದರೆ ಆವತ್ತು ಇದಕ್ಕಿಂತ ಜೋರಾಗಿತ್ತು” ಎಂದರು. ಬಿಡಿಸಿದ ಹೂವಿನಲ್ಲಿ ಅಷ್ಟು ಪರಿಮಳ ಉಳಿಯದಷ್ಟೆ. ಅದು ಲಕುನೋಸಾ. ನಮ್ಮ ಮೂಗಿಗೆ ಅದರಲ್ಲಿ ದಾಲ್ಚಿನ್ನಿಯ ಒಂದು ಎಳೆಯಿದೆ.

ಹೂ ಉದುರಿದ ಮೇಲೆ ಕುಂಡವನ್ನು ಅವರ ಪೂರ್ವದ ಕಿಟಕಿಗೆ ತೂಗುಹಾಕಿ ಬಂದೆವು. ಸ್ಥಳ ಬದಲಾದುದರಿಂದ ಅದು ಆ ವರ್ಷ ಮತ್ತೆ ಅರಳಲಿಲ್ಲ. ನಾವು ಚಿಂತಿಸಿದೆವು; ಅವರು ಚಿಂತಿಸಲಿಲ್ಲ. ದಿನವೂ ಬೆರಳಿನಿಂದ ತೊಟ್ಟುಗಳನ್ನು ಮುಟ್ಟಿ ಎಣಿಸುವರಂತೆ. ಕಳೆದ ತಿಂಗಳು ಹೋದಾಗ ಎರಡು ತೊಟ್ಟುಗಳ ತುದಿಯಲ್ಲಿ ಸಾಸಿವೆಯಂತಹದು ಕೈಗೆ ತಾಗುತ್ತಿದೆಯೆಂದು ಹೇಳಿದರು. ನಾವು ನೋಡಿದೆವು. ಮೊಗ್ಗುಗಳೇ.

ಇನ್ನು ಕೆಲವು ಮಾತುಗಳು. ಹೋಯಾ ಕಾರ್ನೋಸಾ, ಹೋಯಾ ಪ್ಯೂಬಿಕ್ಯಾಲಿಕ್ಸ್ ಎಂಬ ದೊಡ್ಡ ಎಲೆಯವುಗಳನ್ನೂ ಜನರು ಬೆರಸುತ್ತಾರೆ. ಎರಡನೆಯದರ ಎಲೆ ಹೆಚ್ಚು ಉದ್ದ, ಹಲವು ವೇಳೆ ಬೆಳ್ಳಿಯ ಚುಕ್ಕೆಗಳುಳ್ಳದ್ದು. ಹೂವಿನ ಬುಡದ ಪುಷ್ಪಪಾತ್ರೆಯಲ್ಲಿ ರೋಮವಿರುವುದರಿಂದ ಆ ಹೆಸರು. ಹೃದಯದಾಕಾರದ ಒಂದೇ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಾರುವುದನ್ನು ಪಟ್ಟಣಗಳಲ್ಲಿ ನೋಡಿರಬಹುದು. ಅದು ಸಯಾಮಿನ ಹೋಯಾ ಕೆರಿಯೈ. ಗೆಣ್ಣಿಲ್ಲದ ಎಲೆ ಬೇರು ಬಿಟ್ಟು ಹಸುರಾಗಿ ನಿಲ್ಲುವುದೇ ಹೊರತು ಬಳ್ಳಿಯಾಗದು. ಹಣ ಕೊಡುವ ಮುನ್ನ ಗೆಣ್ಣನ್ನು ನೋಡಿರಿ. ಎಕ್ಕಕ್ಕೆ ಬರುವ ಹಳದಿಯ ಹೇನುಗಳು ಇದರ ಮೊಗ್ಗಿಗೂ ಬರುವುವು. ನೀರನ್ನು ಚಿಮುಕಿಸಿ ಒರಸಿದರೆ ಸಾಕು. ಹಿಟ್ಟು ತಿಗಣೆಯು ಮಾತ್ರ ಎಲೆಯ ಸಂದಿಯಲ್ಲಿ ಅಡಗುವುದರಿಂದ ಅದನ್ನು ಬಿಡದೆ ಹುಡುಕಬೇಕು.

ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬರುವವರು ಒದ್ದೆ ಬಟ್ಟೆಯ ಚೂರನ್ನು ತಂದರೆ ಎರಡೆರಡು ಗೆಣ್ಣಿನ ಕುಡಿಗಳನ್ನು ಕೊಡುವೆವು. ಆಬ್ಸ್ಕ್ಯೂರಾ ಬೇಕಾದಷ್ಟಿದೆ, ಕ್ರೋನಿಯಾನಾ ಕೆಲವರಿಗೆ ಸಾಕಾಗಬಹುದು. ಲಕುನೋಸಾ ಬೇಕಾದವರು ಟೀಚರನ್ನೇ ಕೇಳಬೇಕು. ಈ ಸಲದ ಹೂವಾಗುವವರೆಗೆ ಅದನ್ನು ಯಾರೂ ಮುಟ್ಟಕೂಡದೆಂದು ಅವರು ಅಪ್ಪಣೆಮಾಡಿದ್ದಾರೆ.